ಬೆರಳಲ್ಲಿ ಎಳೆದ ಬೋರ್‌ವೆಲ್

ಟ್ಯಾಬ್ ಹಿಡಿದು ಊರೂರು ತಿರುಗುವವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾವು ಬಸ್ಸಿಳಿಯುವಷ್ಟರಲ್ಲಿ ಅದೇ ಬಂದು ಸ್ಟಾಪಿನಲ್ಲಿ ಕೂತಿರುತ್ತದೆ.

ನನ್ನ ಕೆಲಸ ಇಷ್ಟೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕೆರೆ, ಬಾವಿ, ಬೋರ್‌ವೆಲ್, ಬೀದಿ ನಲ್ಲಿ ಎಲ್ಲವನ್ನೂ ಟ್ಯಾಬಿನ ನಕ್ಷೆಯಲ್ಲಿ ಗುರುತು ಹಾಕುವುದು. ನಲ್ಲಿಯ ಪಕ್ಕ ನಿಂತರೆ ಪರದೆ ಮೇಲೆ ಒಂದು ನೀಲಿ ಚುಕ್ಕೆ ಬೀಳುತ್ತದೆ. ಅದು ಆಚೀಚೆ ಬಿದ್ದರೆ ಬೆರಳಲ್ಲಿ ಎಳೆದು ಸರಿಯಾದ ಜಾಗಕ್ಕೆ ಕೂರಿಸಬೇಕು. ಫೋಟೊ ಹೊಡೆದು, ನೀರು ಬರುತ್ತೋ ಇಲ್ಲವೋ ಬರೆದು, ಆಫೀಸಿಗೆ ಕಳಿಸಬೇಕು. ಜನರ ಮನೆಬಾಗಿಲಿನ ವಿಷಯ ನೋಡಿ, ಹಾಗಾಗಿ ಟ್ಯಾಬಿಗೆ ಬೀಗದ ಮೇಲೆ ಬೀಗ. "ಯಾರ ಕೈಗೂ ಕೊಡಬೇಡಿ, ಯಾರಿಗೂ ತೋರಿಸಬೇಡಿ" ಎಂದು ತರಬೇತಿಯಲ್ಲಿ ಹೇಳಿದ್ದರು. ಹಾಗೆ ಹೇಳಿದವರು ನಮ್ಮ ಕಡೆಯ ಹಳ್ಳಿಗಳಲ್ಲಿ ಬೀದಿ ನಲ್ಲಿಯ ಹತ್ತಿರ ಒಬ್ಬರೇ ನಿಂತು ನೋಡಿದವರಲ್ಲ ಅಂತ ಕಾಣುತ್ತದೆ.

ಅಜ್ಜಿಯ ಅಹವಾಲು

ಬಡವನಹಳ್ಳಿ ಹತ್ತಿರದ ಒಂದೂರು. ಬೀದಿ ಕೊನೆಯ ಬೋರ್‌ವೆಲ್ ಪಕ್ಕ ನಿಂತಿದ್ದೆ. ಚುಕ್ಕೆ ಹೋಗಿ ಯಾರದೋ ಅಡುಗೆಮನೆಯೊಳಗೆ ಬಿದ್ದಿತ್ತು. ಅದನ್ನು ಮೆಲ್ಲಗೆ ಎಳೆಯುತ್ತಿರುವಾಗ ನನ್ನ ಹೆಗಲ ಮೇಲಿಂದ ಒಂದು ಧ್ವನಿ ಬಂತು.

"ಏನವ್ವ ಅದು, ಬೆಳ್ಳಾಗೆ ತಳ್ತಾ ಇದೀಯ?"

ತಿರುಗಿ ನೋಡಿದರೆ ಖಾಲಿ ಬಿಂದಿಗೆ ಹಿಡಿದ ಅಜ್ಜಿ. "ಬೋರ್‌ವೆಲ್ ಅಜ್ಜಿ. ತಪ್ಪಾಗಿ ಆ ಮನೆಯೊಳಗೆ ಬಿದ್ದಿತ್ತು, ಸರಿ ಮಾಡ್ತಿದೀನಿ."

"ಬೆಳ್ಳಾಗೆ ಎಳುದ್ರೆ ಬತ್ತದಾ?"

"ಬರುತ್ತೆ ಅಜ್ಜಿ."

ಅಜ್ಜಿ ಬಿಂದಿಗೆ ಕೆಳಗಿಟ್ಟರು. "ಅಂಗಾರೆ ಇನ್ನೊಂದು ಚೂರು ಎಳ್ದು ನಮ್ಮನೆ ಬಾಗ್ಲಿಗೆ ತಂದ್ಬುಡು. ಸೊಂಟ ಇಡ್ಕಂಡೈತೆ, ಇಲ್ಲೀಗಂಟ ಬರಾಕಾಗಕಿಲ್ಲ."

ಇದು ಬರೀ ಚಿತ್ರ, ನಿಜವಾದ ಬೋರ್‌ವೆಲ್ ಅಲ್ಲಾಡುವುದಿಲ್ಲ ಎಂದು ನಾನು ವಿವರಿಸುವ ಮೊದಲೇ ಎದುರುಮನೆಯ ಹೆಂಗಸು ಬಾಗಿಲಿಗೆ ಬಂದಾಗಿತ್ತು. "ಏನಜ್ಜಿ, ಬೋರು ನಿನ್ನ ಬಾಗ್ಲಿಗೆ ಎಳ್ಕಂಡ್ರೆ ನಾವೇನ್ ಕುಡಿಯಾದು?"

"ನೀನು ವಯಸ್ನೋಳು, ನಮ್ಮನೆ ತಾವ್ಕೆ ಬಂದು ಹಿಡ್ಕಂಡೋಗು."

ಪರದೆ ಮೇಲೆ ಎಳ್ಳುಕಾಳಿನಷ್ಟು ಸರಿದ ಚುಕ್ಕೆಗೆ ಬೀದಿಯೆಲ್ಲ ಸೇರಿತು. ನಾನು ಟ್ಯಾಬನ್ನು ಎದೆಗವಚಿಕೊಂಡು ನಿಂತೆ. ಕೂಗಾಟ ಒಂದು ಮಟ್ಟಕ್ಕೆ ಹೋಗಿ, ಕೊನೆಗೆ ಎದುರುಮನೆಯಾಕೆಯೇ ಸೋತು, "ಅಯ್ಯೋ, ಬೋರು ಅಲ್ಲೇ ಇರ್ಲಿ ಬುಡಜ್ಜಿ. ದಿನಾ ಒಂದು ಬಿಂದ್ಗೆ ನೀರು ನಾನೇ ತಂದಿಕ್ತೀನಿ" ಎಂದು ಅಜ್ಜಿಯ ಬಿಂದಿಗೆ ಎತ್ತಿಕೊಂಡು ಹೋದಳು.

ಅಜ್ಜಿ ನನ್ನ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರು. "ಎಳೀದೇನೇ ಬಂತಲ್ಲವ್ವ! ಇನ್ನು ಆ ಮಿಸೀನು ಅತ್ಲಾಗಿಟ್ಟು ಮಜ್ಗೆ ಕುಡಿ."

ಯಾವ ಸಾಲು?

ಗೊರವನಹಳ್ಳಿಯಲ್ಲಿ ಮಹಾಲಕ್ಷ್ಮಿ ದೇವಸ್ಥಾನದ ಹತ್ತಿರದ ಕುಡಿಯುವ ನೀರಿನ ನಲ್ಲಿ ಗುರುತು ಹಾಕಬೇಕಿತ್ತು. ಅವತ್ತು ಟ್ಯಾಬಿಗೆ ಸ್ಯಾಟಲೈಟೇ ಸಿಗದು. ಅಲ್ಲಾಡದೆ ನಿಂತರೆ ಸಿಗುತ್ತದೆ ಎಂಬುದು ನಮ್ಮ ನಂಬಿಕೆ. ಎರಡೂ ಕೈಯಲ್ಲಿ ಟ್ಯಾಬ್ ಹಿಡಿದು, ತಲೆ ತಗ್ಗಿಸಿ ನಿಂತೆ.

ಸಿಗ್ನಲ್ ಬಂದು, ಚುಕ್ಕೆ ಕೂತು, ಸಮಾಧಾನದಿಂದ ತಿರುಗಿದರೆ ನನ್ನ ಹಿಂದೆ ಬಸ್ಸಿನಷ್ಟು ಉದ್ದದ ಸಾಲು! ಹೂವು, ಬಾಳೆಹಣ್ಣು, ಮಕ್ಕಳು ಸಮೇತ ಎಲ್ಲರೂ ಶಿಸ್ತಾಗಿ ನಿಂತಿದ್ದಾರೆ. ನಾನು ಪಕ್ಕಕ್ಕೆ ಸರಿದೆ. ಸಾಲೂ ಪಕ್ಕಕ್ಕೆ ಸರಿಯಿತು.

"ಇದು ದರ್ಶನದ ಸಾಲಲ್ಲಮ್ಮ" ಎಂದೆ.

ಮೊದಲಿದ್ದ ಹೆಂಗಸಿಗೆ ಸಿಟ್ಟು ಬಂತು. "ಅಲ್ಲ ಕಣಮ್ಮ, ನಾವು ನಿನ್ನ ಹಿಂದೆ ನಿಂತಿದ್ವಿ. ನೀನು ಯಾರ ಹಿಂದೆ ನಿಂತಿದ್ದೆ?"

ನಾನು ಪ್ರಾಮಾಣಿಕವಾಗಿ ಮೇಲೆ ಕೈ ತೋರಿಸಿದೆ. ಆಕೆ ಗಡಬಡಿಸಿ ಚಪ್ಪಲಿ ಬಿಟ್ಟು ಕೈ ಮುಗಿದಳು. ಅವಳ ಹಿಂದಿದ್ದವರೂ ಮುಗಿದರು.

ಗುಟ್ಟಿನ ಪಾಸ್‌ವರ್ಡ್

ಶಿರಾದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಚಾಚಾ ಚಹಾದಂಗಡಿ ಇಟ್ಟಿದ್ದಾರೆ. ಬಿಸಿಲಿಗೆ ಸುಸ್ತಾಗಿ ಹೋದರೆ ಬೆಂಚು ಒರೆಸಿ ಕೂರಿಸುತ್ತಾರೆ, ಟ್ಯಾಬಿಗೆ ಚಾರ್ಜು ಹಾಕಿಕೊಡುತ್ತಾರೆ. ಒಂದು ದಿನ ಅಲ್ಲೇ ಕೂತಿದ್ದಾಗ ಹಳೆಯ ಪಾಸ್‌ವರ್ಡ್ ಬದಲಾಯಿಸು ಎಂದು ಟ್ಯಾಬ್ ಹಟ ಹಿಡಿಯಿತು. ನಾನು ಹಾಕಿದ್ದು ಒಂದೂ ಅದಕ್ಕೆ ಒಪ್ಪಿಗೆಯಿಲ್ಲ. ದೊಡ್ಡಕ್ಷರ ಬೇಕಂತೆ, ಅಂಕಿ ಬೇಕಂತೆ, ನಕ್ಷತ್ರವೋ ಹ್ಯಾಶೋ ಏನಾದರೊಂದು ಚಿಹ್ನೆ ಬೇಕಂತೆ. ನಾನು ಯೋಚಿಸುತ್ತ ಯೋಚಿಸುತ್ತ ಬಾಯಲ್ಲೇ ಗೊಣಗುತ್ತಿದ್ದೆನೆಂದು ಆಮೇಲೆ ಗೊತ್ತಾಯಿತು.

"ಬೇಟಿ, ಕೊನೇಗೆ ಸ್ಟಾರ್ ಹಾಕು" ಎಂದರು ಚಾಚಾ.

"ಸ್ಟಾರ್ ಮುಂದ್ಕೆ ಇರ್ಲಿ" ಎಂದ ಬನ್ ತಿನ್ನುತ್ತಿದ್ದ ಕಂಡಕ್ಟರ್. ಆಟೋದವನು ಅವನ ಗಾಡಿ ನಂಬರ್ ಸೇರಿಸಿದ. ಟ್ಯಾಬಿಗೆ ಅದು ತುಂಬ ಇಷ್ಟವಾಯಿತು. "ಬಹಳ ಗಟ್ಟಿಯಾದ ಪಾಸ್‌ವರ್ಡ್" ಎಂದು ಹಸಿರು ಗೆರೆ ಬಂತು. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಆಗ ನನಗೆ ತರಬೇತಿ ನೆನಪಾಯಿತು. ಅವರಿಗೆ ಬೆನ್ನು ಹಾಕಿ ಕೂತು ಇನ್ನೊಂದು ಹೊಸ ಪಾಸ್‌ವರ್ಡ್ ಹಾಕಿದೆ, ಈ ಸಲ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು. ಕಂಡಕ್ಟರ್ ಮುಖ ತಿರುಗಿಸಿ ಬನ್ ತಿನ್ನತೊಡಗಿದ. ಚಾಚಾ ಇನ್ನೊಂದು ಚಹಾ ತಂದು ಮುಂದಿಟ್ಟರು.

"ಗುಸ್ಸಾ ಇಲ್ಲ ಬೇಟಿ. ಆದ್ರೆ ಹೊಸದು ಮರೆತ್ರೆ ನಮ್ಮನ್ನ ಕೇಳ್ಬೇಡ."

ಕ್ಯಾತಗಾನಚೆರ್ಲು ಸರ್ವೆ

ಇದು ನನ್ನ ಪ್ರಾಣ ಬಾಯಿಗೆ ಬಂದ ಕತೆ. ಪಾವಗಡದ ಕಡೆ, ಕ್ಯಾತಗಾನಚೆರ್ಲಿನಿಂದ ಆಚೆ ಸೋಲಾರ್ ಪಾರ್ಕಿನ ಬೇಲಿ ಮುಗಿದ ಮೇಲೆ ಬಯಲು. ಅಲ್ಲಿನ ಹಳ್ಳ, ದನ ಕುಡಿಯುವ ಕಟ್ಟೆಗಳಿಗೆ ನಡೆದುಕೊಂಡು ಹೋಗಿ ದಾರಿಯನ್ನೂ ನಕ್ಷೆಯಲ್ಲಿ ಮೂಡಿಸಬೇಕು. ಒಂದು ಗುಂಡಿ ಒತ್ತಿದರೆ ಸಾಕು, ಟ್ಯಾಬ್ ಹೋದಲ್ಲೆಲ್ಲ ಗೆರೆ ಎಳೆಯುತ್ತ ಹೋಗುತ್ತದೆ.

ನಡು ಮಧ್ಯಾಹ್ನಕ್ಕೆ ಟ್ಯಾಬು ಹೆಂಚಿನ ಹಾಗೆ ಕಾಯ್ದು "ತಣ್ಣಗಿನ ಜಾಗದಲ್ಲಿಡಿ" ಎಂದು ಗೋಗರೆಯತೊಡಗಿತು. ಬೇವಿನ ಮರದ ಕೆಳಗೆ ಒಬ್ಬ ಅವ್ವ ಕೂತಿದ್ದರು. ಸುತ್ತ ಅವರ ಮಗ ಮೇಯಿಸುವ ಕುರಿಗಳು, ಪಕ್ಕದಲ್ಲಿ ಕಂಬಳಿ, ಪಾತ್ರೆ ಹೇರಿಕೊಂಡ ಕತ್ತೆ. "ಕತ್ತೆ ಮ್ಯಾಲಿನ ಕಂಬ್ಳಿ ಮಡಿಕೆಯಾಗೆ ಇಡಮ್ಮಾ, ತಣ್ಣಗೈತದೆ" ಎಂದರು. ಇಟ್ಟೆ. ಹತ್ತಿರದ ಮನೆಗೆ ನೀರು ಕುಡಿಯಲು ಹೋದೆ. ಅವರು ಬರೀ ನೀರು ಕೊಡುವ ಜನವೇ? ಮುದ್ದೆ ಉಣ್ಣಿಸಿ ಕಳಿಸಿದರು. ತಿರುಗಿ ಬಂದರೆ ಅವ್ವ ಇಲ್ಲ, ಕುರಿ ಇಲ್ಲ, ಕತ್ತೆ ಇಲ್ಲ. ಬೇವಿನ ಮರ ಮಾತ್ರ ಇತ್ತು.

ಆಫೀಸಿಗೆ ಫೋನ್ ಮಾಡಿದೆ. ಟ್ಯಾಬುಗಳ ಭದ್ರತೆ ನೋಡಿಕೊಳ್ಳುವವರು ಹೇಳಿದರು: "ಕಳೆದಿದೆ ಅಂತ ಒತ್ತಿಬಿಡ್ತೀನಿ ಮೇಡಂ. ನೆಟ್‌ವರ್ಕ್ ಸಿಕ್ಕ ಕೂಡಲೇ ಒಳಗಿರೋದೆಲ್ಲ ತಾನೇ ಅಳಿಸಿಕೊಳ್ಳುತ್ತೆ. ಅದೇ ನಿಯಮ."

ಆ ಕಡೆ ನನ್ನ ಫೋನಿಗೆ ಸಿಕ್ಕುವ ನೆಟ್‌ವರ್ಕ್ ಟ್ಯಾಬಿಗೆ ಸಿಗದೆ ಒಂದು ವಾರದ ಕೆಲಸ ಇನ್ನೂ ಟ್ಯಾಬಿನೊಳಗೇ ಇತ್ತು. "ಸಂಜೆವರೆಗೆ ಒತ್ತಬೇಡಿ ಸಾರ್, ಕೈ ಮುಗಿತೀನಿ" ಎಂದು ಕುರಿಹೆಜ್ಜೆ ಹಿಡಿದು ಓಡಿದೆ. ಬಿಸಿಲು, ಕೆಂಧೂಳು, ಜಾಲಿಮುಳ್ಳು. ಅಳು ಬಂತು, ಅತ್ತೆ, ಮತ್ತೆ ಓಡಿದೆ.

ಬಿಸಿಲು ಇಳಿಯುವ ಹೊತ್ತಿಗೆ ಒಂದು ದಿಬ್ಬದಾಚೆ ಕುರಿ ಕಂಡವು. ಅವ್ವ ಟ್ಯಾಬಿನ ಮಾತೇ ಮರೆತು ಯಾರದೋ ಬೈಕಿನಲ್ಲಿ ಮನೆಗೆ ಹೋಗಿಯಾಗಿತ್ತು. ಮಗ ಮಾತ್ರ ಇದ್ದ, ನನ್ನನ್ನು ಹಿಂದೆ ಕಂಡವನೇ ಅಲ್ಲ. ಅಲ್ಲಿಗೆ ಬಂದ ಮೇಲೆ ಕತ್ತೆಯ ಕಂಬಳಿಯಲ್ಲಿ ಕಂಡ ಟ್ಯಾಬನ್ನು ಟವೆಲ್ಲಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿದ್ದ.

"ಅಣ್ಣಾ, ಅದು ನಂದು!"

"ಏಮಮ್ಮಾ, ನಿಂದೇ ಅನ್ನಾಕೆ ಏನು ಸಾಕ್ಷಿ? ಆಗ್ಲೇ ಒಬ್ಬ ಬಂದು ಕೇಳ್ದ, ಕೊಡ್ಲಿಲ್ಲ ನಾನು."

"ನನ್ನ ಮುಖ ತೋರಿಸಿದ್ರೆ ಅದೇ ಬೀಗ ತೆಗೆಯುತ್ತೆ. ಬೇಕಾದ್ರೆ ನೋಡು."

ಅವನು ಟ್ಯಾಬನ್ನು ಕೈಬಿಡದೆ ನನ್ನ ಮುಖದ ಮುಂದೆ ಹಿಡಿದ. ಪರದೆ ಒಮ್ಮೆ ನಡುಗಿ ಕೆಂಪಾಯಿತು. ಇನ್ನೊಮ್ಮೆ ಹಿಡಿದ. ಮತ್ತೂ ಕೆಂಪು. ಪಾಸ್‌ವರ್ಡ್ ಒತ್ತುತ್ತೇನೆ ಎಂದರೆ ಮುಟ್ಟಗೊಡಲಿಲ್ಲ.

"ನೋಡಮ್ಮಾ, ಅದೇ 'ಕಾದು' ಅಂತೈತೆ."

ತೆಲುಗಿನಲ್ಲಿ ಕಾದು ಅಂದರೆ ಅಲ್ಲ. ನನ್ನ ತಲೆ ಮಾತ್ರ ಅಪ್ಪಟ ಕನ್ನಡದಲ್ಲೇ ಕಾದಿತ್ತು. ನಾನು ಅಳುತ್ತ ಅಲ್ಲೇ ಕೂತೆ. ಅವನಿಗೆ ಪಾಪ ಅನಿಸಿರಬೇಕು, ಕತ್ತೆಯ ಮೇಲಿನ ಕ್ಯಾನಿನಿಂದ ನೀರು ಬಗ್ಗಿಸಿದ. "ಅಳಬ್ಯಾಡ. ಮೊಕ ತೊಳ್ಕೋ, ಕುಡಿ." ತೊಳೆದೆ. ಕೆಂಧೂಳು, ಕಣ್ಣೀರು ಎಲ್ಲ ಇಳಿಯಿತು. ಅವನು ಯಾವುದಕ್ಕೂ ಇರಲಿ ಎಂದು ಮತ್ತೊಮ್ಮೆ ಟ್ಯಾಬ್ ಹಿಡಿದ. ಟಕ್ ಅಂತ ತೆರೆಯಿತು!

ಅವನು ಟ್ಯಾಬ್ ನೋಡಿದ, ನನ್ನನ್ನು ನೋಡಿದ. "ಮತ್ತೆ ಇಷ್ಟೊತ್ತು ಇಲ್ಲಿ ಅಳ್ತಿದ್ದಿದ್ದು ಯಾರು?"

ಕಾಲಿಗೆ ಬೀಳಲು ಹೋದೆ, ಬಿಡಲಿಲ್ಲ. ತಾನೇ ರಸ್ತೆವರೆಗೆ ಬಂದು, ಕೊನೆಯ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಸಿ ಕಳಿಸಿದ. ಎಷ್ಟು ಬೀಗ ಹಾಕಿದ ಟ್ಯಾಬಿಗೂ ಅವನಷ್ಟು ಭದ್ರವಾದ ಕಾವಲು ಸಿಕ್ಕಿರಲಿಕ್ಕಿಲ್ಲ. ಈಗಲೂ ಆ ಕಡೆ ಹೋದಾಗ ಅವರ ಮನೆಯಲ್ಲಿ ಕೂತು, ಅವ್ವನ ಕೈಯಡುಗೆ ಉಂಡೇ ಬರುವುದು.

ಪಾವಗಡ ಸೇರುತ್ತಲೇ ನೆಟ್‌ವರ್ಕ್ ಸಿಕ್ಕಿತು, ಎಲ್ಲವೂ ಆಫೀಸಿಗೆ ಹೋಯಿತು. ಗೆರೆ ಎಳೆಯುವ ಗುಂಡಿಯನ್ನು ನಾನು ಆಫ್ ಮಾಡಿಯೇ ಇರಲಿಲ್ಲ ಎಂದು ಹೊಳೆದಿದ್ದು, ಕೆಲವು ದಿನ ಬಿಟ್ಟು ನಕ್ಷೆ ತಿದ್ದುವ ಸಾಹೇಬರ ಫೋನ್ ಬಂದಾಗ.

"ಮೇಡಂ, ಕ್ಯಾತಗಾನಚೆರ್ಲು ಬಯಲು ನಡೆದಿದ್ದು ಯಾರು?"

"ಯಾಕೆ ಸಾರ್?"

"ಇಂಥ ಶ್ರದ್ಧೆಯ ಸರ್ವೆ ನಾನು ನೋಡೇ ಇಲ್ಲ! ಒಂದು ಹಳ್ಳ ಬಿಟ್ಟಿಲ್ಲ, ಒಂದು ಪೊದೆ ಬಿಟ್ಟಿಲ್ಲ. ನೀರಿದ್ದ ಕಡೆಯೆಲ್ಲ ನಿಂತು, ಸುತ್ತು ಹಾಕಿ ನೋಡಿದಾರೆ. ನಮ್ಮ ಹಳೇ ನಕ್ಷೆಯಲ್ಲಿ ಇಲ್ಲದ ಒಂದು ಕಟ್ಟೆ ಕೂಡ ಹಿಡಿದಿದಾರೆ. ಹೆಸರು ಹೇಳಿ, ಎಲ್ಲರ ಮುಂದೆ ಅಭಿನಂದಿಸಬೇಕು."

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಸಾರ್, ಅದು... ಕತ್ತೆ."

ಸಾಹೇಬರು ಬೇಸರದ ಧ್ವನಿಯಲ್ಲಿ ಹೇಳಿದರು:

"ತಪ್ಪು ಮೇಡಂ. ಜೊತೆಗೆ ಕೆಲಸ ಮಾಡೋರನ್ನ ಹಾಗೆಲ್ಲ ಬಯ್ಯಬಾರದು."