ನಳ ಬಂದದ್ದು ಹೇಳುವ ಫೋನು

ನಾನು ಹೊಸದೇನಾದರೂ ಕಲಿಯಲು ಕುಳಿತರೆ ನನಗಿಂತ ಮೊದಲು ನಮ್ಮ ಓಣಿ ಕಲಿತುಬಿಡುತ್ತದೆ, ನಗುವುದನ್ನು.

ಗಜೇಂದ್ರಗಡದ ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ, ಅದೂ ಹೊತ್ತುಗೊತ್ತಿಲ್ಲದೆ. ಅದನ್ನು ಕಾಯುತ್ತ ಕುಳಿತು ತಂಗಿಯ ಮಗಳ ನಿಶ್ಚಿತಾರ್ಥ ತಪ್ಪಿಸಿಕೊಂಡೆ. ಅವಳ ಮದುವೆಯನ್ನೂ ತಪ್ಪಿಸಿಕೊಳ್ಳಬಾರದೆಂದು ಹಟ ಹಿಡಿದೆ. ನೀರು ಬಂದದ್ದನ್ನು ಫೋನಿಗೆ ತಿಳಿಸುವ ಆ್ಯಪ್ ನಾನೇ ಮಾಡುವುದು. ಓದಿದ್ದು ಇಪ್ಪತ್ತು ವರ್ಷದ ಹಿಂದಿನ ಬಿಎಸ್ಸಿ, ಉಳಿದದ್ದು ವಿಡಿಯೋ ನೋಡಿ.

ಹತ್ತು ಹೆಜ್ಜೆ

ನಳದ ಬಾಯಿಗೆ ತೇವ ಹಿಡಿಯುವ ಸೆನ್ಸರ್, ಅದಕ್ಕೆ ಬೆಂಕಿಪೆಟ್ಟಿಗೆಯಷ್ಟು ಬೋರ್ಡ್, ಅಲ್ಲಿಂದ ಫೋನಿಗೆ ಬ್ಲೂಟೂತ್. ಮೂರು ವಾರ ಒದ್ದಾಡಿದ ಮೇಲೆ ಒಂದು ತಂಬಿಗೆ ನೀರು ಸುರಿದರೆ ಫೋನಿನಲ್ಲಿ ‘ನೀರು ಬಂತು’ ಎಂದು ಮೂಡಿತು. ನಮ್ಮ ಮನೆಯವರು ಫೋನ್ ಹಿಡಿದು ನಡುಮನೆಗೆ ಹೋದರು. ಸಂಪರ್ಕ ಕಡಿಯಿತು.

“ಹತ್ತು ಹೆಜ್ಜಿ ದಾಟಿದ್ರ ಬರೂದಿಲ್ರಿ” ಎಂದೆ.

“ಹತ್ತು ಹೆಜ್ಜಿ ಒಳಗ ಇದ್ರ ನೀರಿನ ಸಪ್ಪಳ ಕಿವಿಗೇ ಕೇಳತೈತಲ್ಲ” ಎಂದರು.

ಪಕ್ಕದ ಮನೆಯ ಸ್ಪೀಕರ್

‘ನೀರು ಬಂತು’ ಎಂದು ಫೋನ್ ಬಾಯಿಬಿಟ್ಟು ಹೇಳಲೆಂದು ನನ್ನದೇ ದನಿ ಸೇರಿಸಿದೆ. ಪರೀಕ್ಷೆಗೆಂದು ಒತ್ತಿದೆ, ಫೋನ್ ಸುಮ್ಮನಿತ್ತು. ನಾಲ್ಕು ಸಲ ಒತ್ತಿದೆ. ಹೊರಗೆ ನೋಡಿದರೆ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾರೆ. ಹಿಂದಿನ ವಾರ ಪಕ್ಕದ ಮನೆಯ ಭಜನೆಗೆ ಅವರ ಬ್ಲೂಟೂತ್ ಸ್ಪೀಕರಿಗೆ ನನ್ನ ಫೋನ್ ಜೋಡಿಸಿದ್ದೆ. ಅದು ಹಳೆಯ ಗೆಳೆತನ ಬಿಟ್ಟಿರಲಿಲ್ಲ. ನನ್ನ ದನಿ ಅಲ್ಲಿಂದ ಓಣಿಗೆಲ್ಲ ಕೇಳಿತ್ತು.

ಪಕ್ಕದ ಮನೆಯಾಕೆ ಒಳಗೇ ಬಂದಳು. “ಅಕ್ಕಾರ, ನಾಲ್ಕು ಸಲ ಕರದೀರಿ. ಈಗ ನಿಮ್ಮ ನೀರಿನ ಟಾಕಿಯಾಗಿಂದರ ಎರಡು ಕೊಡ ಕೊಡ್ರಿ.”

ಕೊಟ್ಟೆ.

ಅತ್ತೆಯ ಡಬ್ಬಿ

ಬ್ಲೂಟೂತ್ ಬಿಟ್ಟು ವೈಫೈ ಹಿಡಿದೆ. ಮನೆಯ ವೈಫೈ ಮೂಲಕ ಇಂಟರ್ನೆಟ್ಟಿಗೆ ಹೋದರೆ ಸುದ್ದಿ ಎಷ್ಟು ದೂರಕ್ಕಾದರೂ ಮುಟ್ಟುತ್ತದೆ. ಮುಟ್ಟಿತು ಕೂಡ. ಮದುವೆಗೆ ಎರಡೇ ದಿನ ಇರುವಾಗ ಒಮ್ಮೆಲೇ ನಿಂತಿತು. ಮುಂಜಾನೆಯೆಲ್ಲ ಕೋಡ್ ತಿದ್ದಿದೆ. ಕೊನೆಗೆ ನಳದ ಹತ್ತಿರ ಹೋದರೆ ಬೋರ್ಡೇ ಇಲ್ಲ, ಸ್ಟೀಲ್ ಡಬ್ಬಿ ಇದೆ. ಬೋರ್ಡಿಗೆ ಧೂಳು ಹತ್ತಬಾರದೆಂದು ಅತ್ತೆ ತಮ್ಮ ಲಗ್ನದ ಡಬ್ಬಿಗೆ ತೂತು ಹೊಡೆಸಿ, ವೈರ್ ತೂರಿಸಿ, ಮುಚ್ಚಳ ಬಿಗಿದಿದ್ದರು.

“ಅತ್ತಿ, ಸ್ಟೀಲಿನೊಳಗಿಂದ ಸಿಗ್ನಲ್ ಹೊರಗ ಬರೂದಿಲ್ರಿ.”

“ಬರೂದಿಲ್ಲ ಅಂದ್ರ ಡಬ್ಬಿ ಚಲೋ ಐತಿ ಅಂತ ಅರ್ಥ” ಎಂದರು ಅತ್ತೆ.

ಬೋರ್ಡನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿದೆ.

ನರಗುಂದದ ಮದುವೆ

ಓಣಿಯ ಐದೂ ಮನೆಯ ಫೋನಿಗೆ ಆ್ಯಪ್ ಹಾಕಿಕೊಟ್ಟು, ನೀರು ಬಂದರೆ ನಮ್ಮ ಕೊಡವನ್ನೂ ತುಂಬಿಸಿರೆಂದು ಹೇಳಿ ಮನೆಮಂದಿಯೊಂದಿಗೆ ನರಗುಂದಕ್ಕೆ ಹೋದೆ. ಅಕ್ಷತೆ ಬೀಳುವ ಹೊತ್ತಿಗೆ ನನ್ನ ಚೀಲದೊಳಗಿಂದ ‘ನೀರು ಬಂತು’. ಗಜೇಂದ್ರಗಡದ ನಳ ನರಗುಂದದಲ್ಲಿ ಮಾತಾಡಿತ್ತು. ನಮ್ಮ ಮನೆಯವರು ಮೊದಲ ಸಲ ತಲೆದೂಗಿದರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಇನ್ನೊಂದು ಫೋನ್, ‘ನೀರು ಬಂತು’. ಆಚೆ ಮತ್ತೊಂದು. ಊಟದ ಹಾಲಿನಿಂದ ಎರಡು. ಐದೂ ಕಡೆ ನನ್ನದೇ ದನಿ.

ತಿರುಗಿ ನೋಡಿದೆ. ಆ್ಯಪ್ ಇದೆಯಲ್ಲ, ಮನೆ ಕಾಯುವುದೇಕೆ ಎಂದು ಇಡೀ ಓಣಿ ಟೆಂಪೋ ಮಾಡಿಕೊಂಡು ಮದುವೆಗೆ ಬಂದಿತ್ತು.

“ಅಕ್ಕಾರ, ಓಣ್ಯಾಗ ಯಾರ ಅದಾರ್ರಿ?” ಎಂದು ಕೇಳಿದಳು ಪಕ್ಕದ ಮನೆಯಾಕೆ.

ಅತ್ತೆ ಮದುಮಗಳ ಕಡೆಗೆ ಅಕ್ಷತೆ ಎಸೆಯುತ್ತ ನನಗೆ ಸಮಾಧಾನ ಹೇಳಿದರು:

“ಹೋಗ್ಲಿ ಬಿಡವ್ವಾ. ಇಷ್ಟು ದಿನ ಗೊತ್ತಿಲ್ದಂಗ ನೀರು ತಪ್ಪಿಸ್ಕೊತಿದ್ವಿ. ಈಗ ಗೊತ್ತಿದ್ದು ತಪ್ಪಿಸ್ಕೊಂಡ್ವಿ.”