ನನ್ನ ಪರೀಕ್ಷೆಗೆ ಮನೆಮಂದಿ ಬಿಟ್ಟದ್ದು

ಮನೆಯಲ್ಲಿ ಒಬ್ಬ ಹುಡುಗ ದೊಡ್ಡ ಪರೀಕ್ಷೆಗೆ ಕಟ್ಟಿದನೆಂದರೆ ಆ ವರ್ಷ ಪರೀಕ್ಷೆ ಅವನೊಬ್ಬನಿಗಲ್ಲ, ಇಡೀ ಮನೆಗೆ. ಈಗಲೂ ಹೀಗೇ, ಮಹಾರಾಜರ ಕಾಲದಲ್ಲೂ ಹೀಗೇ. ನಾನು ಮಧುಗಿರಿಯಲ್ಲಿ ಹೈಸ್ಕೂಲಿನ ಕೊನೇ ವರ್ಷ ಓದುತ್ತಿದ್ದಾಗ ಅತ್ತ ಯುದ್ಧ ನಡೆಯುತ್ತಿತ್ತು, ಇತ್ತ ನಮ್ಮ ಮನೆಯಲ್ಲೂ ಅದಕ್ಕೇನೂ ಕಡಿಮೆ ಇರಲಿಲ್ಲ. ಪಾಸಾದರೆ ಮೈಸೂರಿನ ಕಾಲೇಜು, ಫೇಲಾದರೆ ಅಪ್ಪನ ಕಡಲೆಕಾಯಿ ಮಂಡಿ ಎಂದು ಯುಗಾದಿಯ ದಿನವೇ ತೀರ್ಮಾನವಾಗಿತ್ತು. ಕಾಲೇಜಿಗೆ ಹೋಗುವ ಆಸೆ ನನಗೆ ನಮ್ಮೂರ ಬೆಟ್ಟದಷ್ಟಿತ್ತು. ಓದುವ ಆಸೆ ಮಾತ್ರ ಅಷ್ಟಕ್ಕಷ್ಟೆ.

ಒಬ್ಬೊಬ್ಬರೂ ಒಂದೊಂದು

ಅರ್ಧ ವರ್ಷದ ಪರೀಕ್ಷೆಯಲ್ಲಿ ಲೆಕ್ಕಕ್ಕೆ ನೂರಕ್ಕೆ ಹನ್ನೊಂದು ಬಂತು. ಅಜ್ಜಿ ಬಯ್ಯಲಿಲ್ಲ, ಹೊಡೆಯಲಿಲ್ಲ. ಸೋಮವಾರ ಬೆಳಿಗ್ಗೆ ಎಲ್ಲರನ್ನೂ ಈಶ್ವರನ ಗುಡಿಗೆ ಹೊರಡಿಸಿಕೊಂಡು ಹೋಗಿ, ಹುಡುಗ ಪಾಸಾಗುವ ತನಕ ಒಬ್ಬೊಬ್ಬರೂ ತಮಗೆ ಬೇಕಾದ್ದೊಂದನ್ನು ಬಿಡಬೇಕು ಎಂದು ಹರಕೆ ಹೊರಿಸಿದರು. ಮೊದಲು ತಾವೇ ಎಲೆಅಡಿಕೆ ಬಿಟ್ಟರು. ಅಪ್ಪ ನಸ್ಯ ಬಿಟ್ಟರು. ತಾತ ಕ್ಷೌರ ಬಿಟ್ಟರು. ಅವ್ವ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದು, "ನಾನು ಹಾಗಲಕಾಯಿ ಬುಟ್ಟೆ" ಅಂದಳು. ಅವಳು ಹಾಗಲಕಾಯಿ ತಿಂದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ನಾನೇನು ಬಿಡ್ಲಿ ಅಜ್ಜಿ?" ಅಂತ ಭಕ್ತಿಯಿಂದಲೇ ಕೇಳಿದೆ.

"ನೀನಿನ್ನೇನು ಬುಡ್ತೀಯ? ಓದು ಬುಟ್ಟು ಆಗ್ಲೇ ವರ್ಷ ಆಯ್ತು ಕಣ್ಲಾ!"

ಊರೆಲ್ಲ ಹಿತೈಷಿಗಳು

ನಸ್ಯವಿಲ್ಲದ ಅಪ್ಪನ ಹತ್ತಿರ ಸುಳಿಯುವಂತಿರಲಿಲ್ಲ. ತಕ್ಕಡಿ ಅಲ್ಲಾಡಿದರೆ ಬೈಗುಳ, ಅಲ್ಲಾಡದಿದ್ದರೂ ಬೈಗುಳ. ಒಂದು ದಿನ ಬಡವನಹಳ್ಳಿ ಕಡೆಯ ರೈತರೊಬ್ಬರು ಗಾಡಿ ತುಂಬ ಕಾಯಿ ತಂದು, ಚೀಲದ ಬಾಯಿ ಬಿಚ್ಚುವ ಮೊದಲೇ ಬೈಸಿಕೊಂಡು ಹೊರಗೆ ಬಂದರು. ನಾನು ಜಗಲಿಯ ಮೇಲೆ ಆಲ್ಜೀಬ್ರಾ ಪುಸ್ತಕ ಬಿಚ್ಚಿಕೊಂಡು ಬೀದಿ ನೋಡುತ್ತಿದ್ದೆ.

"ಅದೇನೈತೋ ಬಿರ್ರನೆ ಓದಿ ಮುಗ್ಸಪ್ಪಾ," ಎಂದು ಕೈಮುಗಿದರು. "ನಿಮ್ಮಪ್ಪನ ಮೂಗಿಗೆ ಏನಾರ ಬೀಳಾಗಂಟ ನಾವು ಈ ಕಡೀಕೆ ಗಾಡಿ ಕಟ್ಟಕಿಲ್ಲ."

ಗುಡಿಯ ಪೂಜಾರಿ, ಮಂಡಿಯ ಹಮಾಲಿ, ಹಾಲಿನವಳು, ಯಾರು ಸಿಕ್ಕರೂ ಇದೇ ಮಾತು. ಬೇರೆ ಮಾತು ಹೇಳಿದವನು ಒಬ್ಬನೇ, ತಾತನ ಕ್ಷೌರ ಮಾಡುತ್ತಿದ್ದವನು. ಅವನಿಗೆ ನಮ್ಮ ಮನೆಯಿಂದ ಸುಗ್ಗಿಯಲ್ಲಿ ವರ್ಷದ ರಾಗಿ ಅಳೆಯುವುದು ಪದ್ಧತಿ. ಗಡ್ಡ ಕೆರೆದರೂ ಅಷ್ಟೇ ರಾಗಿ, ಕೆರೆಯದಿದ್ದರೂ ಅಷ್ಟೇ. ಅವನು ಮಾತ್ರ ನನ್ನ ಹೆಗಲ ಮೇಲೆ ಕೈಯಿಟ್ಟು, "ಅವಸ್ರ ಏನೈತೆ ಸಣ್ಣ ಸಾವ್ಕಾರ್ರೇ? ನಿಧಾನಕ್ಕೆ ಓದಿ. ಒಂದೆರಡ್ಸಲ ಫೇಲಾದ್ರೆ ವಿದ್ಯೆ ಭದ್ರವಾಗಿ ಕೂರ್ತದೆ" ಎಂದ.

ಶಿರಾದ ವ್ಯಾಪಾರ

ದೀಪಾವಳಿ ರಜದಲ್ಲಿ ಅಪ್ಪ ನನ್ನನ್ನು ಶಿರಾಕ್ಕೆ ಕರೆದುಕೊಂಡು ಹೋದರು. ಮಸೀದಿಯ ಹತ್ತಿರ ಅಪ್ಪನ ಸ್ನೇಹಿತರಾದ ಸಾಬರೊಬ್ಬರ ಅಂಗಡಿ. ನಾನು ಹೊರಗೆ ನೀರು ಕುಡಿದು ಒಳಗೆ ಬರುವಷ್ಟರಲ್ಲಿ ಅಪ್ಪ ಗೋಡೆಗೆ ಮುಖ ಮಾಡಿ ದೊಡ್ಡ ಚಿಟಿಕೆಯೊಂದನ್ನು ಮೂಗಿಗೆ ಏರಿಸಿ, ಸ್ವರ್ಗ ಕಂಡವರ ಹಾಗೆ ನಿಂತಿದ್ದರು. ಡಬ್ಬಿ ಹಿಡಿದಿದ್ದ ಸಾಬರು ನನ್ನನ್ನು ನೋಡಿ, "ಅರೆ ಬೇಟಾ, ಬಂದ್ಬುಟ್ಯಾ!" ಎಂದು ಡಬ್ಬಿಯನ್ನು ಜುಬ್ಬದೊಳಗೆ ಹಾಕಿಕೊಂಡರು.

ನನ್ನ ಕಾಲೇಜು ಒಂದೇ ಸೀನಿಗೆ ಹಾರಿಹೋಗುವಂತಿತ್ತು.

"ಅಪ್ಪಾ, ಹರಕೆ!"

ಅಪ್ಪ ನಿಧಾನವಾಗಿ ಮೂಗು ಒರೆಸಿಕೊಂಡರು. "ಹರಕೆ ಹೊತ್ತಿದ್ದು ಮಧುಗಿರಿ ಈಶ್ವರನಿಗೆ ಕಣ್ಲಾ. ಇದು ಶಿರಾ."

"ಈಶ್ವರ ಎಲ್ಲ ಕಡೆ ಒಬ್ಬನೇ ಅಲ್ವೇನಪ್ಪ?"

"ಸರ್ಕಾರಾನೂ ಎಲ್ಲ ಕಡೆ ಒಂದೇಯ. ಅಂಗಂತ ಮಧುಗಿರಿ ಅರ್ಜೀನ ಶಿರಾ ಅಮಲ್ದಾರ್ರು ನೋಡ್ತಾರಾ?"

ಆದರೂ ನನ್ನ ಭಯ ಹೋಗಲಿಲ್ಲ. ಅಲ್ಲಿಯವರೆಗೆ ಎಲ್ಲವನ್ನೂ ದೇವರು ನೋಡಿಕೊಳ್ಳುತ್ತಾನೆಂದು ಆರಾಮವಾಗಿದ್ದವನು, ಇನ್ನು ದೇವರ ಮೇಲೆ ಭಾರ ಹಾಕಿ ಕೂರುವಂತಿಲ್ಲ ಎಂದು ಅಂದಿನಿಂದ ನಿಜವಾಗಿಯೂ ಓದತೊಡಗಿದೆ. ಮೇಷ್ಟರು ಮಾಡಲಾಗದ್ದನ್ನು ಒಂದು ಚಿಟಿಕೆ ನಸ್ಯ ಮಾಡಿತು. ಅಜ್ಜಿಗೆ ನಾನು ಏನೂ ಹೇಳಲಿಲ್ಲ. ಅಲ್ಲಿಂದಾಚೆಗೆ ಅಪ್ಪನಿಗೆ ಶಿರಾದಲ್ಲಿ ವಾರಕ್ಕೆ ಎರಡು ಸಲ ವ್ಯಾಪಾರ ಬೀಳತೊಡಗಿತು.

ಕೊರಟಗೆರೆಯಲ್ಲಿ ಪವಾಡ

ಮಾಘಮಾಸದ ಹೊತ್ತಿಗೆ ತಾತನ ಗಡ್ಡ ಎದೆ ಮುಟ್ಟಿತ್ತು. ಕೊರಟಗೆರೆಯಲ್ಲಿ ನೆಂಟರ ಮದುವೆಗೆ ಹೋದೆವು. ತಾತ ಹಣೆ ತುಂಬ ವಿಭೂತಿ ಬಳಿದುಕೊಂಡು ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದರು. ಯಾರೋ ಒಬ್ಬರು ಸ್ವಾಮಿಗಳೆಂದುಕೊಂಡು ಕಾಲಿಗೆ ಬಿದ್ದರು. ತಾತ ಬೇಡವೆನ್ನಲಿಲ್ಲ. ಊಟದ ಹೊತ್ತಿಗೆ ಮುಂದೆ ಬಾಳೆಹಣ್ಣು ರಾಶಿ ಬಿದ್ದಿತ್ತು. ತಾತ ಒಬ್ಬರಿಗೆ ಮಳೆ, ಒಬ್ಬರಿಗೆ ಗಂಡುಮಗು, ಒಬ್ಬರಿಗೆ ಕಳೆದುಹೋದ ಎಮ್ಮೆ ಕೊಡಿಸುತ್ತಿದ್ದರು.

ಹೆಂಗಸೊಬ್ಬಳು ಮಗನನ್ನು ಮುಂದಕ್ಕೆ ತಳ್ಳಿ, "ಬುದ್ದಿ, ಇವ್ನು ಈ ವರ್ಷ ಪರೀಕ್ಷೆಗೆ ಕೂತವ್ನೆ. ಪಾಸಾಗ್ತಾನಾ?" ಎಂದಳು.

ತಾತ ಕಣ್ಣು ಮುಚ್ಚಿ ತೆರೆದರು. "ಮೊದಲ್ನೇ ಸಲಕ್ಕೇ ಪಾಸು. ಹೋಗಮ್ಮ, ನಿಶ್ಚಿಂತೆಯಾಗಿರು."

ನನಗೆ ತಡೆಯಲಾಗಲಿಲ್ಲ. ಬಗ್ಗಿ ತಾತನ ಕಿವಿಯಲ್ಲಿ, "ತಾತ, ಹಂಗಾದ್ರೆ ನಾನು?" ಎಂದೆ.

ತಾತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನ ಇಷ್ಯ ನಂಗೆ ಗೊತ್ತದೆ ಕಣ್ಲಾ. ಗೊತ್ತಿಲ್ದೋರ ಇಷ್ಯ ಹೇಳಾದು ಸುಲಭ."

ಯಾರ ಹರಕೆ?

ಫಲಿತಾಂಶದ ಪೇಪರು ತುಮಕೂರಿನಿಂದ ಬಸ್ಸಿನಲ್ಲಿ ಬರಬೇಕು. ಪೆಟ್ರೋಲಿಲ್ಲದ ಕಾಲ, ಇದ್ದಿಲಿನ ಬಸ್ಸು, ಏರು ಬಂದರೆ ನಿಂತುಬಿಡುತ್ತಿತ್ತು. ಪರೀಕ್ಷೆ ಬರೆದ ನಾವು ಹತ್ತು ಹುಡುಗರು ಊರಾಚೆ ಹೋಗಿ, ಅದನ್ನು ಹಿಂದಿನಿಂದ ತಳ್ಳಿಕೊಂಡೇ ಮಧುಗಿರಿಗೆ ತಂದೆವು. ಪೇಪರು ಬಿಚ್ಚಿದರೆ ನನ್ನ ನಂಬರು ಇತ್ತು. ಮೂರು ಸಲ ನೋಡಿದೆ, ಇತ್ತು. ಮುಖವೆಲ್ಲ ಇದ್ದಿಲ ಮಸಿ, ಅದರ ಮೇಲೆ ಕಣ್ಣೀರು. ಆ ಸಂತೋಷ ಆಮೇಲೆ ಬಿ.ಎ. ಆದಾಗಲೂ ಆಗಲಿಲ್ಲ.

ಮನೆಯಲ್ಲಿ ಪಾಯಸ ಕುದಿಯುವ ಮೊದಲೇ ಜಗಳ ಶುರುವಾಯಿತು. ಹುಡುಗ ಪಾಸಾದದ್ದು ಯಾರ ಹರಕೆಯಿಂದ? ನನ್ನದರಿಂದ ಎಂದರು ತಾತ. ನನ್ನದರಿಂದ ಎಂದರು ಅಪ್ಪ, ನನ್ನ ಕಡೆ ನೋಡದೆ. ಅವ್ವನೂ ಸೌಟು ಹಿಡಿದು ಬಂದು ತನ್ನ ಪಾಲು ಕೇಳಿದಳು. ನಾನು ಓದಿದ್ದರಿಂದ ಇರಬಹುದು ಎಂದು ಒಬ್ಬರಿಗೂ ಅನುಮಾನ ಬರಲಿಲ್ಲ.

ಅಷ್ಟರಲ್ಲಿ ಹೆಡ್‌ಮಾಸ್ಟರು ನನ್ನ ಬೆನ್ನು ತಟ್ಟಲೆಂದು ಮನೆಗೇ ಬಂದರು. ಜಗಳ ಕೇಳಿ ನಕ್ಕು, "ಹರಕೆ ಇರಲಿ ತಾಯಿ. ಆದರೆ ನಿಜ ಹೇಳಬೇಕಲ್ಲ. ಕಡೇ ನಾಕು ತಿಂಗಳು ಈ ಹುಡುಗ ತಲೆ ಎತ್ತದೆ ಓದಿದ್ದಾನೆ. ಓದಿಯೇ ಪಾಸಾಗಿದ್ದು" ಎಂದು ಅಜ್ಜಿಗೆ ಹೇಳಿದರು.

ನನಗೆ ಎದೆಯುಬ್ಬಿತು. ಇಡೀ ವರ್ಷಕ್ಕೆ ಒಬ್ಬರಾದರೂ ನನ್ನ ಪರವಾಗಿ ಮಾತಾಡಿದರಲ್ಲ!

ಅಜ್ಜಿಗೆ ಮಾತ್ರ ರೇಗಿಹೋಯಿತು. ಮೊಮ್ಮಗನ ಮೇಲೆ ಯಾರೋ ಕಳ್ಳತನ ಹೊರಿಸಿದರೇನೋ ಎಂಬಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು.

"ಓದಿ ಪಾಸಾಗಾದು ಏನ್ ದೊಡ್ಡಸ್ತಿಕೆ ಮೇಷ್ಟ್ರೇ? ಯಾರ್ ಬೇಕಾದ್ರೂ ಆಯ್ತಾರೆ. ನಮ್ಮುಡ್ಗ ಓದ್ದೇನೇ ಪಾಸಾಗವ್ನೆ!"