ಗಾಂಜಾ ಯೋಜನೆಗೆ ನನ್ನ ಸಹಿ

ಹೊಗಳಿಕೆಗೆ ಬಗ್ಗದವರೂ ಇದ್ದಾರೆಂದು ಕೇಳಿದ್ದೇನೆ. ನಾನು ಆ ಪೈಕಿ ಅಲ್ಲ. ಧಾರವಾಡದಲ್ಲಿ ಸಸ್ಯತಳಿ ಶಾಸ್ತ್ರ ಓದಿ, ಜೋಳದ ಮೇಲೆ ದಪ್ಪ ಪ್ರಬಂಧ ಬರೆದು, ಕೊನೆಗೆ ಲಾಸ್ ಏಂಜಲಿಸ್‌ನ ಒಂದು ನಾಯಿ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಬಿಸ್ಕತ್ತಿನ ತೇವ ಅಳೆಯುವ ಕೆಲಸಕ್ಕೆ ಸೇರಿದವನು ನಾನು. ಎಂಟು ವರ್ಷವಾದರೂ ನನ್ನ ವಿದ್ಯೆಯ ಗೊಡವೆ ಯಾರಿಗೂ ಇರಲಿಲ್ಲ. ಕ್ಯಾಲಬಾಸಸ್‌ನ ದೇವಸ್ಥಾನಕ್ಕೆ ಹೋದರೆ ಅಲ್ಲಿ ಸೇರುವ ಡಾಕ್ಟರು, ಎಂಜಿನಿಯರುಗಳು ಕರಿಬೇವು ಯಾಕೆ ಒಣಗುತ್ತದೆ ಎಂದಷ್ಟೇ ಕೇಳುತ್ತಿದ್ದರು. ನಾನು ಬೇರಿನಿಂದ ಶುರು ಮಾಡಿ ಕಾಂಡಕ್ಕೆ ಬರುವಷ್ಟರಲ್ಲಿ ಪುಳಿಯೋಗರೆಯ ಸಾಲಿನಲ್ಲಿ ನಿಂತುಬಿಡುತ್ತಿದ್ದರು.

ಹೀಗಿರುವಾಗ ಸೆರಿಟೋಸ್‌ನ ನಮ್ಮ ಪಕ್ಕದ ಮನೆಯ ವಾಲ್ಟರ್ ಬೇಲಿಗೆ ಆತುಕೊಂಡು, "ಡಾಕ್ಟರ್, ಒಂದು ಹೊಸ ತಳಿ ಮಾಡೋದು ಹೇಗೆ?" ಎಂದು ಕೇಳಿದ. ನಾನು ಯಾವ ಡಾಕ್ಟರೂ ಅಲ್ಲ, ಬರಿಯ ಎಂ.ಎಸ್ಸಿ. ತಿದ್ದಲು ಹೋಗಲಿಲ್ಲ. ವಾಲ್ಟರ್ ಎಪ್ಪತ್ತು ದಾಟಿದ ಒಂಟಿ ಮುದುಕ, ಮಂಡಿನೋವಿನವನು. ಸ್ಯಾನ್ ಡಿಯಾಗೋ ಕಡೆಯ ಒಣಗುಡ್ಡದಲ್ಲಿ ಅವನ ತಂಗಿಯ ಜಾಗವಿತ್ತಂತೆ. ಅಲ್ಲಿ ಬಯಲಿನಲ್ಲಿ, ಆ ಬಿಸಿಲಿಗೆ ಬಾಡದೆ ಬೆಳೆಯುವ ತಳಿ ಬೇಕಂತೆ. ಯಾವ ಗಿಡ ಎಂದೆ. ಕೊತ್ತಂಬರಿ ಎನ್ನುವಷ್ಟು ಸಲೀಸಾಗಿ "ಗಾಂಜಾ" ಎಂದ. ಆ ಕಾಲದಲ್ಲಿ ಅಲ್ಲಿ ಅದನ್ನು ಬೆಳೆಯುವುದು ಅಪರಾಧ. ನಾನು ಆಗಲೇ ಮನೆಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳಬೇಕಿತ್ತು. ಆದರೆ ಡಾಕ್ಟರ್ ಎಂದುಬಿಟ್ಟಿದ್ದನಲ್ಲ!

ನಾನೇನು ಗಿಡ ಮುಟ್ಟುತ್ತೇನೆಯೇ, ಕಾಗದ ತಾನೇ ಎಂದು ಸಮಾಧಾನ ಹೇಳಿಕೊಂಡು ಎರಡು ಭಾನುವಾರ ಟೈಪ್ ಮಾಡಿದೆ. ಉದ್ದೇಶ, ಸಾಮಗ್ರಿ, ವಿಧಾನ ಎಂದು ಹನ್ನೊಂದು ಹಾಳೆ. ಯಾವ ಗಿಡಕ್ಕೆ ಯಾವುದು ಜೋಡಿ ಎಂದು ಜಾತಕ ಕೂಡಿಸುವಂತೆ ಕೂಡಿಸಿ, ಏಳು ತಲೆಮಾರು ಆಯುತ್ತ ಹೋಗಬೇಕೆಂದು ಕೋಷ್ಟಕ ಹಾಕಿದೆ. ಬರೆಯುತ್ತ ಬರೆಯುತ್ತ ಅದು ಗಾಂಜಾ ಎಂಬುದೇ ಮರೆತುಹೋಯಿತು. ಅಷ್ಟು ಸಂತೋಷ ಆ ಎಂಟು ವರ್ಷದಲ್ಲಿ ನನಗೆ ಆಗಿರಲಿಲ್ಲ. ಏನು ಬರೆಯುತ್ತಿದ್ದೀರಿ ಎಂದು ಹೆಂಡತಿ ಸುಶೀಲಾ ಕೇಳಿದಾಗ ಮೆಣಸಿನಕಾಯಿ ತಳಿ ಎಂದು ಸುಳ್ಳು ಹೇಳಿದೆ. ಗಂಡ ಮತ್ತೆ ತನ್ನ ವಿದ್ಯೆಗೆ ಮರಳಿದನೆಂದು ಅವಳು ಮೊದಲ ಹಾಳೆಯ ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಹಚ್ಚಿದಳು. ನಾನು ಅಭ್ಯಾಸಬಲದಿಂದ ಪ್ರತಿ ಹಾಳೆಯ ಕೆಳಗೂ ಸಹಿ ಮಾಡಿ, ಹೆಸರು, ಪದವಿ, ಮನೆ ವಿಳಾಸ ಬರೆದೆ. ಮೂಲಪ್ರತಿಯನ್ನು ಹಿಂಬದಿಗೆ ಮಾತ್ರ ರಟ್ಟಿರುವ ಫೈಲಿಗೆ ಹಾಕಿ ವಾಲ್ಟರ್‌ಗೆ ಕೊಟ್ಟು, ಕಾರ್ಬನ್ ಪ್ರತಿ ಕಪಾಟಿನಲ್ಲಿಟ್ಟೆ.

ಮೂರು ವಾರದ ಮೇಲೆ ಪೌರತ್ವದ ಸಂದರ್ಶನಕ್ಕೆ ಬರಬೇಕೆಂದು ಪತ್ರ ಬಂತು. ನಾವು ಸನ್ನಡತೆಯವರೆಂದು ತೋರಿಸಬೇಕಿತ್ತು. ಅದೇ ವಾರ ಶನಿವಾರ ಮಧ್ಯಾಹ್ನ ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ತರಕಾರಿ ತಂದು ಕಾರ್ ನಿಲ್ಲಿಸಿ ಇಳಿದರೆ, ವಾಲ್ಟರ್ ಮನೆ ಮುಂದೆ ಪೊಲೀಸ್ ಕಾರ್! ನನ್ನ ಕೈಯಲ್ಲಿದ್ದ ಹೀರೇಕಾಯಿ ಚೀಲ ಕೆಳಗೆ ಬಿತ್ತು.

"ಯಾಕ್ರೀ, ಮಾರಿ ಹಿಂಗ್ಯಾಕ ಆಗೇದ?" ಎಂದಳು ಸುಶೀಲಾ. ಒಳಗೆ ಹೋಗಿ ಎಲ್ಲ ಒಪ್ಪಿಕೊಂಡೆ.

"ಅಯ್ಯ ದೇವರ, ಗಾಂಜಾಕ್ಕ ನನ್ನ ಕೈಲೆ ಕುಂಕುಮ ಹಚ್ಚಿಸಿದ್ರೇನು?"

"ನೀನಽ ಹಚ್ಚಿದಿ."

"ಹೋಗ್ಲಿ, ಹೆಸರ ಯಾಕ ಬರದ್ರಿ?"

"ಹೆಸರಿಲ್ಲದ ವರದಿಗೆ ಕಿಮ್ಮತ್ತ ಇರೂದಿಲ್ಲ."

"ಹೆಸರಷ್ಟಽ ಅಲ್ಲ, ಮನಿ ವಿಳಾಸಾನೂ ಬರದೀರಿ. ಹುಡುಕೂ ತ್ರಾಸ ಸುದ್ದಾ ಇಲ್ಲ ಅವರಿಗೆ."

ಪರದೆಯ ಸಂದಿಯಿಂದ ನೋಡುತ್ತ ನಿಂತೆವು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಮಗಳ ಶಾಲೆ, ಈ ಮನೆ, ನಾಯಿ ಬಿಸ್ಕತ್ತು, ಎಲ್ಲವೂ ಆ ಹನ್ನೊಂದು ಹಾಳೆಯ ಮೇಲೆ ನಿಂತಿತ್ತು. ನಮ್ಮನ್ನು ಊರಿಗೆ ಅಟ್ಟಿದರೆ ಮಾವನವರಿಗೆ ಏನೆಂದು ಹೇಳುವುದು? ಕೊನೆಗೆ ಪೊಲೀಸಿನವನು ಕೈಯಲ್ಲಿ ಕಾಗದ ಹಿಡಿದು ಹೊರಗೆ ಬಂದ. ನಮ್ಮ ಮನೆಯ ಕಡೆ ಒಮ್ಮೆ ನೋಡಿದ. ಸುಶೀಲಾ ನನ್ನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಅವನು ಕಾರ್ ಹತ್ತಿ ಹೊರಟುಹೋದ.

ಓಡಿದೆ. ವಾಲ್ಟರ್ ನಗುತ್ತ ಬಾಗಿಲು ತೆಗೆದ. ಅವನ ಹುಲ್ಲು ಕತ್ತರಿಸುವ ಯಂತ್ರವನ್ನು ಯಾರೋ ಕದ್ದಿದ್ದರು, ದೂರು ಕೊಡಲು ಅವನೇ ಪೊಲೀಸರನ್ನು ಕರೆದಿದ್ದ. ನನ್ನ ಫೈಲು ಅಡುಗೆಮನೆಯ ಮೇಜಿನ ಮೇಲೇ ಇತ್ತು.

"ದೂರು ಬರೆಯೋಕೆ ಕಾಗದದ ಕೆಳಗೆ ಇಟ್ಟುಕೊಳ್ಳಲು ಏನಾದರೂ ಬೇಕು ಅಂದ ಆ ಪೊಲೀಸಿನವನು, ಡಾಕ್ಟರ್. ನಿಮ್ಮ ಫೈಲೇ ಕೊಟ್ಟೆ, ಒಳ್ಳೇ ಗಟ್ಟಿಯಾಗಿತ್ತು. ಮೂಲೆಯಲ್ಲಿ ಹಳದಿ ಕಂಡು ಸಾಸಿವೆ ಚೆಲ್ಲಿದೆಯಾ ಅಂತ ಕೇಳಿದ."

ಫೈಲು ವಾಪಸ್ ಕೊಡೆಂದು ಬೇಡಿಕೊಂಡೆ. "ತಗೊಂಡು ಹೋಗಿ," ಎಂದ. "ಏಳು ತಲೆಮಾರು ಕಾಯೋಕೆ ನನಗೆ ಎಲ್ಲಿದೆ ಆಯುಸ್ಸು? ಎರಡನೇ ಪುಟಕ್ಕೇ ನಿದ್ದೆ ಬಂತು. ಕುಂಬಳಕಾಯಿ ಹಾಕ್ತೀನಿ."

ನಾನು ಕುಣಿಯಬೇಕಿತ್ತು. ಬದಲಿಗೆ ಅವಮಾನವಾಯಿತು. ಎರಡನೇ ಪುಟ! ವಿಧಾನ ಶುರುವಾಗುವುದೇ ನಾಲ್ಕರಲ್ಲಿ.

ಸುಶೀಲಾ ಎರಡೂ ಪ್ರತಿಗಳನ್ನು ಹಿತ್ತಲಿನ ಬಾರ್ಬೆಕ್ಯೂ ಒಲೆಯ ಮೇಲೆ ಇಡಿಸಿದಳು. ಒಂದೊಂದೇ ಹಾಳೆ ಹರಡುತ್ತಿದ್ದಾಗ ಆರನೆಯದರ ಮೇಲೆ ನನ್ನ ಕಣ್ಣು ನಿಂತಿತು. ಐದನೆಯ ತಲೆಮಾರಿನ ಸಾಲಿನ ಸಂಖ್ಯೆ ತಪ್ಪಾಗಿತ್ತು. ಅಂಥ ತಪ್ಪನ್ನು ಬೂದಿಯಾಗಿಯೂ ಬಿಡಲು ಮನಸ್ಸು ಬರಲಿಲ್ಲ. ಜೇಬಿನ ಪೆನ್ನು ತೆಗೆದು ತಿದ್ದಿದೆ. ತಿದ್ದಿದ ಕಡೆ ಸಹಿ ಇರಬೇಕು, ಅದು ಪದ್ಧತಿ. ಸಹಿಯನ್ನೂ ಹಾಕಿದೆ. ಸುಶೀಲಾ ಬೆಂಕಿಪೊಟ್ಟಣ ಹಿಡಿದು ನೋಡುತ್ತ ನಿಂತಿದ್ದಳು.

"ತಾರೀಖ ಹಾಕೀರೋ ಇಲ್ಲೋ?" ಎಂದಳು.

ಹಾಕಿರಲಿಲ್ಲ. ಹಾಕಿದೆ.